ಹೆಸರಿಲ್ಲ ನಲವತ್ತೊಂದು

ಮಲ್ಪೆಯ ಐಸ್ ಪ್ಲಾಂಟಿನಲ್ಲಿ ನನಗೆ ರಾತ್ರಿ ಪಾಳಿ.
ಕಂಪ್ರೆಸರ್ ಒಂದೇ ಸಮನೆ ಗೊರಕೆ ಹೊಡೆಯುವಾಗ
ಹೊರಗೋಡೆಯ ಟ್ಯೂಬ್‌ಲೈಟಿಗೆ ಬರುತ್ತವೆ ಪತಂಗಗಳು,
ಸುಣ್ಣಕ್ಕೆ ರೆಕ್ಕೆ ಒತ್ತಿ ಕೂತರೆ
ಬೆಳಗಿನವರೆಗೆ ಅಲುಗುವುದಿಲ್ಲ.
ಫೋಟೋಗೆ ಇಷ್ಟು ಸುಮ್ಮನೆ ಕೂರುವವರು
ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಏಳು ವರ್ಷ. ಎರಡು ಸಾವಿರದ ಮುನ್ನೂರು ಚಿತ್ರ.
ಫೋನು ತಾನಾಗಿ ಇಟ್ಟ ಹೆಸರು ಬರೀ ಅಂಕಿ,
ದಿನ, ಗಂಟೆ, ನಿಮಿಷ, ಜೈಲಿನ ಅಂಗಿಯ ಮೇಲಿದ್ದ ಹಾಗೆ.
ಅದು ಬೇಡವೆಂದು ನಾನೇ ಇಡತೊಡಗಿದೆ:
ಕಾಫಿ ಕಲೆ. ಹರಿದ ಬಸ್ ಟಿಕೆಟ್. ಬೂತಾಯಿ ಬೆನ್ನು.
ಲಚ್ಚಕ್ಕನ ಹಳೆ ಸೀರೆ (ಅವಳಿಗೆ ಹೇಳಿಲ್ಲ).
ಹೊಳೆಯದಿದ್ದಾಗ
ಹೆಸರಿಲ್ಲ ಒಂದು, ಹೆಸರಿಲ್ಲ ಎರಡು,
ಹೆಸರಿಲ್ಲ ಹೊಸತು, ಹೆಸರಿಲ್ಲ ಕೊನೆಯದು,
ಹೆಸರಿಲ್ಲ ಕೊನೆಯದು ಅಲ್ಲ.

ಮೊನ್ನೆ ಉಡುಪಿಯಿಂದ ಕಾಲೇಜಿನ ಸುನೇತ್ರಾ ಮೇಡಂ ಫೋನು:
"ರೆಕ್ಕೆಯಲ್ಲಿ ಎರಡು ಕಿಟಕಿ ಇದ್ದದ್ದು ತೋರಿಸಿದ್ದಿರಲ್ಲ,
ಅದೊಂದು ಬೇಕಿತ್ತು, ನನ್ನ ಪಟ್ಟಿಯಲ್ಲಿ ಇಲ್ಲ."
ಉಂಟು, ಕಳಿಸುತ್ತೇನೆ ಅಂದೆ.
ಉಂಟು ಎನ್ನುವುದು ಸುಲಭ. ಎಲ್ಲಿ ಉಂಟು?

ಕಿಟಕಿ ಎಂದು ಹುಡುಕಿದೆ.
ಅಳಿಯನ ಹೊಸ ಮನೆಯ ಕಿಟಕಿ ಬಂತು, ಗ್ರಿಲ್ಲಿನ ಡಿಸೈನು ನಾಲ್ಕು ಬಗೆ.
ಗಾಜು ಎಂದೆ. ಕನ್ನಡಿ ಎಂದೆ.
ಹೆಸರಿಲ್ಲದವನ್ನು ಒಂದೊಂದೇ ತೆರೆಯುತ್ತ ಹೋದೆ.
ನಲವತ್ತೊಂದರಲ್ಲಿ ಗೋಡೆ ಮಾತ್ರ,
ಹುಳ ಹಾರಿಹೋದ ಮೇಲೆ ಒತ್ತಿದ್ದು.
ಅಂದು ಯಾಕೆ ಅಳಿಸಲಿಲ್ಲವೋ. ಇಂದೂ ಅಳಿಸಲಿಲ್ಲ.

ಆಮೇಲೆ ನೆನಪಾಯಿತು,
ಆ ರಾತ್ರಿ ಟಾರ್ಚ್ ಹಿಡಿದವನು ಬಿಂಬಾಧರ,
ಒಡಿಶಾದವ, ಐಸಿನ ಗಡ್ಡೆ ಎಳೆಯುವ ಕೆಲಸ.
ಹಾಜರಿ ಪುಸ್ತಕದ ಕಾಲಂ ಸಣ್ಣದೆಂದು
ರೈಟರು ಅವನನ್ನು ಬಿಂಬ ಎಂದಷ್ಟೇ ಬರೆದಿದ್ದರು.
ಈ ಹುಳದ ಹೆಸರೆಂತ ಎಂದು ಕೇಳಿದ್ದೆ.
ಪ್ರಜಾಪತಿ ಅಂದ.
ಮಾರಾಯ, ಅದು ಬ್ರಹ್ಮನಲ್ಲವಾ ಎಂದು ನಾನು ನಕ್ಕರೆ
ಅವನೂ ನಕ್ಕ, ಅವನ ಊರಲ್ಲಿ
ಬಣ್ಣದ ರೆಕ್ಕೆಯದ್ದೆಲ್ಲ ಪ್ರಜಾಪತಿಯೇ ಅಂತೆ.
ಇರಬಹುದು. ಸೃಷ್ಟಿ ಮಾಡಿ ಸುಸ್ತಾಗಿ
ನಮ್ಮ ಟ್ಯೂಬ್‌ಲೈಟಿನ ಕೆಳಗೆ ಕೂತಿರಬಹುದು.

ಪ್ರಜಾಪತಿ ಎಂದು ಒತ್ತಿದೆ. ಏನೂ ಇಲ್ಲ.
ಅವನು ಹೇಳಿದ ಹಾಗೆ ಹೇಳಿ ನೋಡಿದೆ,
ತುಟಿ ದುಂಡಗೆ ಮಾಡಿ, ಖಾಲಿ ಶೆಡ್ಡಿನಲ್ಲಿ ಒಬ್ಬನೇ:
ಪ್ರೊಜಾಪೊತಿ.
ಕಿವಿಗೆ ಬಿದ್ದ ಹಾಗೆಯೇ ಬರೆದಿದ್ದೆ ಅಂದು.
ಸಿಕ್ಕಿತು.

ಎರಡು ಕಿಟಕಿ, ಆಚೆಯ ಸುಣ್ಣ ಕಾಣುವಷ್ಟು ತೆಳು.
ಪಕ್ಕದಲ್ಲಿ ಅಳತೆಗೆಂದು ಅವನಿಟ್ಟ ಹೆಬ್ಬೆರಳು.
ಉಗುರು ಕಪ್ಪು, ಕೊಕ್ಕೆ ಜಾರಿ ಗಡ್ಡೆ ಬಿದ್ದದ್ದು.
ಜೂನಿನ ರಜೆಗೆ ಬೋಟುಗಳು ದಡ ಸೇರಿದಾಗ ಊರಿಗೆ ಹೋದ.
ಆಗಸ್ಟಿನಲ್ಲಿ ಬೋಟುಗಳು ಇಳಿದವು.
ಅವನ ನಂಬರನ್ನು ಈಗ ಬೇರೆ ಯಾರೋ ಎತ್ತುತ್ತಾರೆ,
ಹಿಂದಿಯಲ್ಲಿ ಬೈಯುತ್ತಾರೆ.

ಮೇಡಮಿಗೆ ಖುಷಿಯೋ ಖುಷಿ. "ಚಂದ ಬಂದಿದೆ,
ಆ ಹೆಬ್ಬೆರಳೊಂದು ಕತ್ತರಿಸಿ ಕಳಿಸಿ."
ಕತ್ತರಿಯ ಗುರುತು ಒತ್ತಿದೆ. ಚೌಕ ಬಂತು.
ಮೂಲೆ ಹಿಡಿದು ಉಗುರಿನವರೆಗೆ ಎಳೆದಿದ್ದೆ,
ಹೊರಗೆ ಲಾರಿಯ ಹಾರ್ನು, ಹತ್ತು ಗಡ್ಡೆ ಅರ್ಜೆಂಟು.

ತಿರುಗಿ ಬಂದು ಕೂತಾಗ ಬೆರಳು ಮರಗಟ್ಟಿತ್ತು,
ಎಷ್ಟು ಒತ್ತಿದರೂ ಫೋನಿಗೆ ಗೊತ್ತಾಗುತ್ತಿಲ್ಲ.
ಬಾಯಿಂದ ಊದಿ ಬಿಸಿ ಮಾಡಿ
ಚೌಕವನ್ನು ಮೊದಲಿದ್ದಲ್ಲಿಗೇ ಸರಿಸಿ
ಹೆಸರನ್ನು ಮಾತ್ರ ಉದ್ದ ಮಾಡಿ ಕಳಿಸಿದೆ:

ಪ್ರೊಜಾಪೊತಿ, ಮಲ್ಪೆ, ಮೇ ಹನ್ನೊಂದು, ರಾತ್ರಿ ಮೂರು ಗಂಟೆ.
ಅಳತೆ: ಬಿಂಬಾಧರನ ಹೆಬ್ಬೆರಳು.