ಎಲೆ ಎಣಿಸಿ ನೋಡಿ

ಶಂಕರಪುರದಲ್ಲಿ ಪರಿಮಳಕ್ಕೆ ದರ ಉಂಟು.
ದಿನಾ ಬೆಳಿಗ್ಗೆ ಗೊತ್ತಾಗುತ್ತದೆ, ಇವತ್ತು ಅಟ್ಟೆಗೆ ಎಷ್ಟು.
ಮದುವೆಗಳಿದ್ದರೆ ಏರುತ್ತದೆ, ಆಟಿಯಲ್ಲಿ ಕೇಳುವವರಿಲ್ಲ.
ನಮ್ಮ ಮನೆ ಹಿಂದಿನ ಎರಡು ಸೆಂಟ್ಸಿನಲ್ಲಿ
ಹನ್ನೊಂದು ಮಲ್ಲಿಗೆ ಬುಡ, ಒಂದು ಬಾವಿ, ಒಗೆಯುವ ಕಲ್ಲು,
ಕಲ್ಲಿನ ಪಕ್ಕ ಕೊಡೆ ಬಿಡಿಸಿದಷ್ಟು ಜಾಗದಲ್ಲಿ
ಲೆಕ್ಕಕ್ಕಿಲ್ಲದ ಒಂದು ಗುಲಾಬಿ.

ಕಟಪಾಡಿಯಲ್ಲಿ ಟೆಂಪೋದವನು ಕೆಂಪು ಎಂದು ಕೊಟ್ಟದ್ದು.
ಹೆಸರಿನ ಚೀಟಿ ಮಳೆಗೆ ಅಳಿಸಿಹೋಗಿತ್ತು.
ಹೈಬ್ರಿಡ್ ಟೀ, ಅಂದ.
ಚಹಾಕ್ಕೆ ಹಾಕುವುದಾ, ಕೇಳಿದೆ. ನಕ್ಕ.
ನೂರಿಪ್ಪತ್ತು ರೂಪಾಯಿ.
ಆ ದಿನದ ದರಕ್ಕೆ ಸುಮಾರು ಐನೂರು ಮೊಗ್ಗು,
ಎಂದರೆ ಒಂದು ಬೆಳಗಿನ ನನ್ನ ಸೊಂಟ.

ಮುರಕಲ್ಲು ಅಗೆದು ಹೊಂಡ ಮಾಡಿದೆ,
ಸುಡುಮಣ್ಣು ತುಂಬಿದೆ, ಮರುವಾಯಿ ಚಿಪ್ಪು ಜಜ್ಜಿ ಹಾಕಿದೆ,
ಬಂಗುಡೆ ತೊಳೆದ ನೀರು ಅದಕ್ಕೇ.
ಜೂನಿಗೆ ಎಲೆಯ ಮೇಲೆ ಕರಿಚುಕ್ಕೆ,
ಜುಲೈಗೆ ಎಲೆಯೇ ಇಲ್ಲ.
ಎರಡು ಮುಳ್ಳುಕಡ್ಡಿ ಮಳೆಯಲ್ಲಿ ನಿಂತಿದ್ದವು
ಕೊನೆಯ ಬಸ್ಸು ತಪ್ಪಿದವರ ಹಾಗೆ.

ಚೌತಿ ಕಳೆದ ಮೇಲೆ ಬುಡದಿಂದ ಒಂದು ಚಿಗುರು.
ಏನು ಹಸಿರು ಮಾರಾಯ್ರೆ! ವಾರಕ್ಕೊಂದು ಗೇಣು.
ಬಂದವರಿಗೆಲ್ಲ ತೋರಿಸಿದೆ.
ಪೇರಳೆಗೆ ಕಸಿ ಕಟ್ಟಲು ಬಂದ ಐತಪ್ಪನಿಗೂ ತೋರಿಸಿದೆ.
ಅವನು ಹೊಗಳಲಿಲ್ಲ. ಕುಕ್ಕರಗಾಲಲ್ಲಿ ಕೂತ.
ಬಾಯಿ, ಎಲೆ ಎಣಿಸಿ ನೋಡಿ, ಅಂದ.
ತೊಟ್ಟಿಗೆ ಐದಿದ್ದರೆ ನೀವು ದುಡ್ಡು ಕೊಟ್ಟದ್ದು.
ಏಳಿದ್ದರೆ ಕೆಳಗಿನ ಕಾಡುಗುಲಾಬಿ,
ಮೇಲಿನದನ್ನು ಹೊರಲಿಕ್ಕೆ ಇಟ್ಟದ್ದು,
ಈಗ ಅದನ್ನೇ ತಿನ್ನುತ್ತಾ ಉಂಟು.

ಎಣಿಸುವುದು ನನಗೆ ಹೊಸತಲ್ಲ.
ಏಳು ವರ್ಷದವಳಿದ್ದಾಗಿನಿಂದ ಎಣಿಸಿದ್ದೇ ಕೆಲಸ,
ಎಂಟುನೂರಕ್ಕೆ ಒಂದು ಚೆಂಡು, ನಾಲ್ಕು ಚೆಂಡಿಗೆ ಅಟ್ಟೆ.
ಏಳು.
ಇನ್ನೊಂದು ತೊಟ್ಟು. ಏಳು.
ಇಷ್ಟು ದಿನ ನನ್ನ ಬಂಗುಡೆ ನೀರು ಕುಡಿದದ್ದು ಇದು.

ಕೊಯ್ಯಬೇಡಿ, ಬುಡ ಹಿಡಿದು ಸಿಗಿಯಿರಿ,
ಕೊಯ್ದರೆ ನಾಲ್ಕಾಗಿ ಬರುತ್ತದೆ, ಎಂದು ಹೇಳಿ ಹೋದ.
ಎರಡು ದಿನ ಕೈ ಬರಲಿಲ್ಲ.
ಅದರದ್ದೇನು ತಪ್ಪು? ಬದುಕಿತು, ಅಷ್ಟೇ.
ಮೂರನೇ ದಿನ ಸಿಗಿದೆ.
ಸಿಗಿದದ್ದನ್ನು ಬಾವಿಯ ಆಚೆ ಊರಿದ್ದೇನೆ,
ಅವನಿಗೆ ಹೇಳಬೇಡಿ.

ಮೊದಲ ಮೊಗ್ಗು ಬಿರಿಯಲೇ ಇಲ್ಲ.
ಹೊರಗಿನ ಎಸಳು ಮಂಜಿಗೆ ಒಂದಕ್ಕೊಂದು ಅಂಟಿ
ಒದ್ದೆ ಕಾಗದದ ಉಂಡೆಯ ಹಾಗೆ ಕಂದಿ ಬಾಗಿತು.
ಎರಡನೆಯದು ಕ್ರಿಸ್ಮಸ್ ಕಳೆದು.
ಬೆಳಗಿನ ಐದಕ್ಕೆ ಟಾರ್ಚು ಹಿಡಿದು ಮಲ್ಲಿಗೆಗೆ ಹೊರಟಿದ್ದೆ,
ಕಲ್ಲಿನ ಹತ್ತಿರ ಏನೋ ಬೆಳ್ಳಗೆ.
ಟೆಂಪೋದವನನ್ನು ಬಾಯ್ತುಂಬ ಬೈದೆ.
ಬಿಳಿ! ನಮ್ಮ ಹಿತ್ತಿಲಲ್ಲಿ ಬಿಳಿಗೇನು ಬರಗಾಲವೇ?

ಪೂರ್ತಿ ಬಿಳಿಯೂ ಅಲ್ಲ.
ಒಳಗೆ ಗಂಜಿತಿಳಿಯ ಬಣ್ಣ,
ಹೊರಗಿನ ಎಸಳಿನಲ್ಲಿ ನಸುಗೆಂಪು ಚುಕ್ಕೆಗಳು,
ಚಳಿಗೆ ಮೈಯೆದ್ದ ಹಾಗೆ.

ಒಂದು ವಿಷಯ ಹೇಳಬೇಕು.
ನನ್ನ ಮೂಗಿಗೆ ಮಲ್ಲಿಗೆ ಇಲ್ಲ.
ಯಾವಾಗ ಹೋಯಿತೋ ಗೊತ್ತಿಲ್ಲ.
ಬಸ್ಸಿನಲ್ಲಿ ಪಕ್ಕದವರು ನನ್ನ ಕಡೆ ತಿರುಗಿ
ಆಹಾ, ಎಂಥಾ ಪರಿಮಳ, ಅನ್ನುತ್ತಾರೆ,
ನಾನು ಸುಮ್ಮನೆ ಟಿಕೇಟು ಹುಡುಕುತ್ತೇನೆ.
ಹಾಗಾಗಿ ಬಗ್ಗಿದ್ದು ಅಭ್ಯಾಸಕ್ಕೆ, ಆಸೆಗಲ್ಲ.

ಲಿಂಬೆಸಿಪ್ಪೆ ಗೀರಿದ ಹಾಗೆ.
ಆಮೇಲೆ ಚಹಾ ಡಬ್ಬದ ಮುಚ್ಚಳ ತೆಗೆದ ಹಾಗೆ.
ಆಮೇಲೆ ಏನೋ, ಬಾಯಿಗೆ ಬರುವುದಿಲ್ಲ.
ಟಾರ್ಚು ಆರಿಸಿ ಇನ್ನೊಮ್ಮೆ ಬಗ್ಗಿದೆ.
ಆ ದಿನ ಮೊಗ್ಗು ಕೊಯ್ಯಲು ತಡವಾಯಿತು,
ಅರ್ಧ ಚೆಂಡು ಕಡಿಮೆ.

ಹೂವಿಗೆ ಬಂದ ಹುಡುಗ ಸುದೇಶ ಬೈಕಿನಿಂದಲೇ ಕೇಳಿದ,
ಅದೊಂದಕ್ಕೆ ಎಷ್ಟಕ್ಕಾ?
ಅದಕ್ಕೆ ಇವತ್ತಿನ ದರ ಇನ್ನೂ ಬರಲಿಲ್ಲ, ಅಂದೆ.

ನಾಲ್ಕನೇ ದಿನ ಒಗೆಯುವ ಕಲ್ಲಿನ ತುಂಬ ಎಸಳು.
ಎಣಿಸಲಿಲ್ಲ.
ಒಂದು ಕಡೆ ಸರಿಸಿ ಬಟ್ಟೆ ಒಗೆದೆ.

ಬಾವಿಯಾಚೆಯ ಏಳೆಲೆ ಮೊನ್ನೆ ಕಣ್ಣು ಬಿಟ್ಟಿದೆ.
ಭಾನುವಾರ ಐತಪ್ಪ ಪೇರಳೆ ನೋಡಲು ಬರುತ್ತಾನೆ.
ಅದರ ಮೇಲೆ ಒಂದು ಬುಟ್ಟಿ ಕವುಚಬೇಕು.