ನೊಣದ ಅಳತಿ

ಬ್ಲೌಜಿಗೆ ಹುಕ್ಕು ಹಚ್ಚೋದು ನನ್ನ ಉದ್ಯೋಗ.
ಸೆರಾಫಿನ್ ಮಾಸ್ತರು ತಂದಿದ್ದೂ ಹುಕ್ಕೇ,
ಆದರ ಅದರ ತುದಿಗೆ ಮುಳ್ಳಿತ್ತು.

'ಕೈ ನಡಗತಾವ, ಬಾಯಿ. ಇನ್ನ ನೀನ ಕಟ್ಟಬೇಕು'
ಅಂದು, ವಾಳಪೈ ಬಜಾರದಾಗ, ನನ್ನ ಮಶೀನಿನ ಮ್ಯಾಲ
ಬಿಸ್ಕೀಟಿನ ಡಬ್ಬಿ ಬೋರಲ ಹಾಕಿದರು:
ಹುಂಜದ ಕುತ್ತಿಗಿ ಗರಿ, ಕರೇದು, ಇಟ್ಟಂಗಿ ಬಣ್ಣದ್ದು,
ತಮ್ಮ ನಾಯಿ ಕಿವಿ ಹಿಂದಿನ ಕೂದಲಾ,
ಸತ್ತ ಹೆಂಡತಿ ಸ್ವೆಟರಿನ ಹಸರ ಉಣ್ಣಿ,
ಎಲ್ಲೋ ಬಿದ್ದಿದ್ದ ಬಾತಿನ ಪುಕ್ಕಾ.
'ಮೀನಿಗೆ ಇದು ನೊಣಾ ಅನ್ನಿಸಬೇಕು.'
(ಅವರ ಕೊಂಕಣಿ ನನ್ನ ಕಿವಿಯಾಗ ಹಿಂಗ ಕೇಳತೈತಿ.)

ನಾ ಬೈಲಹೊಂಗಲದಾಕಿ.
ನೊಣಾ ಹೊಡದೀನಿ, ಹೊಲದಿಲ್ಲ.

ಮೊದಲಿನ ನಾಕು ಬಿಚ್ಚಿ ಒಗದೆ.
ಐದನೇದನ್ನ ಮಾಸ್ತರು ಕಣ್ಣಿಗೆ ಹಿಡದು ನಕ್ಕರು:
'ಇದು ನೊಣಲ್ಲ, ಮದಲಗಿತ್ತಿ.'

ಆಮ್ಯಾಲ ಕಲತೆ.
ಮಳಿ ನಿಂತರೂ ನೀರು ಇನ್ನೂ ಚಹಾ ಬಣ್ಣ ಇದ್ದಾಗ
ಕರೇ ಗರಿ, ದೊಡ್ಡ ಹುಕ್ಕು, ಒಂದು ಸುತ್ತು ಜರಿ,
ಕಿವುಡಗ ಕೂಗಿ ಹೇಳಿದಂಗ.
ದೀವಳಗಿ ದಾಟಿ, ತಳದ ಹಳ್ಳು ಎಣಸೋಹಂಗ ಆದಾಗ
ನಾಯಿ ಕೂದಲದ್ದು, ಸಣ್ಣದು, ಬೂದಿ ದಾರ.
ಜರಿ ಕಂಡರ ಆಗ ಮೀನು ಸರೀತಾವ,
ಬಡವರ ಮನೀಗೆ ದಾಗಿನಾ ಹಾಕ್ಕೊಂಡು ಹೋದಂಗ.
ಅತ್ತಿ ಹಣ್ಣು ನೀರಿಗೆ ಉದರೋ ದಿನಕ್ಕ ನೊಣಾನೂ ಬ್ಯಾಡ,
ಕೆಂಪು ಉಣ್ಣಿದೊಂದು ಉಂಡಿ ಸಾಕು.
ಇಷ್ಟಾದರೂ ಕೇಳತಿದ್ದೆ: ಯಾಕ? ಯಾಕ ಹಂಗ?
'ಹೊಳಿಗೆ ಕೇಳು, ನನಗ್ಯಾಕ ಕೇಳತಿ?'
ಹಂಗಾರ ಹೊಳಿ ತೋರಸ್ರಿ, ಅಂದೆ.

ಐತವಾರ, ಸೋನಾಳದ ಕೆಳಗ, ಸ್ಕೂಟರ ನಿಲ್ಲಿಸಿ ಇಳದ್ವಿ.
ಮ್ಹಾದಯಿ. ನಮ್ಮ ಖಾನಾಪುರದ ಕಾಡಿನ ಮಹಾದಾಯಿ,
ಘಟ್ಟ ಇಳದು ಹೆಸರ ಸಣ್ಣದು ಮಾಡಕೊಂಡಾಕಿ,
ನೀಲಗಂಗವ್ವ ಇಲ್ಲೆ ನೀಲಾಬಾಯಿ ಆದಂಗ.
ಎರಡೂ ಕಡೆ ಪೇಪರಿನಾಗ ಇಕಿ ಜಗಳ ಓದಿದ್ದೆ.
ಕಾಲಿಟ್ಟಿದ್ದಿಲ್ಲ.

ಮಾಸ್ತರು ಕೋಲು ಬೀಸಿದರು: ಹಿಂದಕ್ಕ, ತಡದು, ಮುಂದಕ್ಕ.
ಆ ತಡದ ಗಳಿಗಿಯೊಳಗ ಮಾತ್ರ ಕೈ ನಡಗಲಿಲ್ಲ.
ದಾರಾ ಬಿತ್ತು. ನೊಣಾ ಹೊಂಟಿತು. ಎರಡು ಮಾರು.
ದಾರದ ಹೊಟ್ಟಿ ಓಡೋ ನೀರಿಗೆ ಸಿಕ್ಕು
ನೊಣಾ ಗೀರು ಎಳಕೊಂತ ಅಡ್ಡ ಹೋತು.
'ನೋಡಿದಿ? ಓಡೋ ನೀರು, ನಿಂತ ನೀರು, ನಡುವ ಒಂದು ಗೆರಿ.
ಮೀನು ಅಲ್ಲೇ. ನೊಣಾನೂ ಅಲ್ಲೇ ತೇಲಬೇಕು.
ನಲವತ್ತು ವರ್ಷಾತು, ಒಮ್ಮೆ ಆಕ್ಕೈತಿ, ಒಮ್ಮೆ ಇಲ್ಲ.'

ನಾ ನೋಡಿದೆ. ಗೆರಿ ಅಲ್ಲ ಅದು.
ಹೊಲಿಗಿ.
ಸ್ಯಾಟಿನ್ನು ಖಾದಿ ಕೂಡಿಸಿದಂಗ:
ಒಂದು ಜಾರತೈತಿ, ಒಂದು ಹಿಡೀತೈತಿ, ಜಗ್ಗಿದರ ಸುಕ್ಕು.
ಕಲಿಯೋ ಹುಡಿಗ್ಯಾರಿಗೆ ದಿನಾ ಬೈತೀನಿ ಇದನ್ನ,
ಎಳೀಬ್ಯಾಡ್ರೆ, ಮಶೀನು ತಗೋತೈತಿ, ಬರೇ ಬಿಡ್ರಿ,
ಜಾರೋ ಕಡೆ ಒಂಚೂರು ಸಡಲ ಕೊಡ್ರಿ.

'ಸಡಲ ಕೊಡ್ರಿ ಮಾಸ್ತರ. ಮ್ಯಾಲಿನ ಕಡೆ. ಈಗ.'

ಅವರು ಹೊಳ್ಳಿ ನೋಡಲಿಲ್ಲ. ಮಣಿಕಟ್ಟು ತಿರುವಿ
ದಾರದ ಹೊಟ್ಟೀನ ಎತ್ತಿ, ಹೊಳಿ ಬಂದ ದಿಕ್ಕಿಗೆ ಇಟ್ಟರು.
ನೊಣಾ ಯಾರದೂ ಅಲ್ಲದಂಗ ಹೊಂಟಿತು.
ಬಂಡಿ ದಾಟಿತು. ಬಂಡಿ ನೆರಳು ದಾಟಿತು.
ಆಮ್ಯಾಲ ನೀರು ಒಮ್ಮೆ ಕಣ್ಣ ಬಿಟ್ಟಿತು.

ಮೊಣಕೈ ಉದ್ದ. ತಾಮ್ರದ ಮೈ, ದಪ್ಪ ತುಟಿ.
ಮುಳ್ಳನ್ನ ಮುಂಜಾನೇನ ಇಕ್ಕಳದಿಂದ ಚಪ್ಪಟಿ ಮಾಡಿದ್ದರು,
ಬ್ಲೌಜಿನ ಹುಕ್ಕು ಬಿಚ್ಚಿದಂಗ ಬಿಚ್ಚಿದರು.
ಅವರ ಅಂಗೈಯೊಳಗ ಚೂರು ಹೊತ್ತು ಉಸರಾಡಿ
ಅದು ಹೋತು.

ನನಗ ಮೀನಿಂದೇನೂ ಇಲ್ಲ, ನಾ ತಿನ್ನಾಕಿನೂ ಅಲ್ಲ.
ನೊಣಾ ಇಸಗೊಂಡು ಬಿಸಲಿಗೆ ಹಿಡದೆ.
ಗರಿ ಹರದಿತ್ತು. ನಾಯಿ ಕೂದಲಾ ಅರ್ಧ ಉಳದಿತ್ತು.
ಕುತ್ತಿಗಿಯೊಳಗಿನ ನನ್ನ ಗಂಟು,
ಎಪ್ಪತ್ತು ನಂಬರಿನ ದಾರ, ಮೂರು ಸುತ್ತು,
ಬಿಚ್ಚಿರಲಿಲ್ಲ.

ಒಂದಕ್ಕ ಹನ್ನೆರಡು ರೂಪಾಯಿ ಅಂದಿದ್ದೆ ಮೊದಲ.
ಹದಿನೈದು ಮಾಡೀನಿ ಈಗ.