ಟು ಎಲ್ಲೋಯ್ತು

ಗುತ್ತಲು ರಸ್ತೆ, ಸೈಕಲ್ ಶಾಪಿನ ಮಹಡಿ.
ಕಾಕಂಬಿಯ ವಾಸನೆ ಕಿಟಕಿ ಹತ್ತಿ ಬಂದು
ಹಿಂದಿನ ಬೆಂಚಿನಲ್ಲಿ ಕೂರುವ ಹೊತ್ತು.
ಹಲಗೆಯ ಮೇಲೆ ಬರೆದೆ: ಟು ಗೋ, ಟು ಈಟ್, ಟು ರೈಟ್.
ಅವರಿಗೆ ಮೂಗು, ನಮಗೆ ಬಾಲ ಅಂದೆ:
ಹೋಗಲು, ಉಣ್ಣಲು, ಬರೆಯಲು.
ಯಾರು, ಯಾವತ್ತು, ಗಂಡೋ ಹೆಣ್ಣೋ
ಈ ಪದಕ್ಕೆ ಗೊತ್ತಿಲ್ಲ;
ಇನ್ನೂ ಹೊಸಿಲು ದಾಟಿಲ್ಲ ಅದು.

ದೇವೀರಮ್ಮ, ಗಾರ್ಮೆಂಟ್ಸಿನ ಗುಂಡಿ ಸೆಕ್ಷನ್ನು,
ತೋಳಿಗೆ ಅಂಟಿದ ನೀಲಿ ದಾರದ ಎಳೆ,
ಪುಸ್ತಕ ಎತ್ತಿ ತೋರಿಸಿದಳು:
‘ಶಿ ಲೆಟ್ ಮಿ ಗೋ. ಇಲ್ಲಿ ಟು ಎಲ್ಲೋಯ್ತು ಸಾ?’
ಲೆಟ್ ಬಂದ ಕಡೆ ಟು ಬರಲ್ಲ ಕಣಮ್ಮ,
ಬಿಟ್ಟ ಮೇಲೆ ಬಾಗಿಲು ಯಾಕೆ, ಎಂದು ನಕ್ಕೆ.
ಹಳೆಯ ನಗೆ, ಪ್ರತಿ ಬ್ಯಾಚಿಗೂ ಅದೇ.

ಅವಳು ನಗಲಿಲ್ಲ.
‘ಏಳ್ನೇ ಕ್ಲಾಸಲ್ಲಿ ನಮ್ಮಪ್ಪ ಇಸ್ಕೂಲು ಬುಡಿಸ್ದ.
ಅದುಕ್ಕೇನಂತಾರೆ?’
ಮೇಡ್ ಮಿ ಲೀವ್.
‘ಅಲ್ಲೂ ಟು ಇಲ್ವಾ?’
ಇಲ್ಲ.
‘ಬುಟ್ರೂ ಇಲ್ಲ, ಬುಡಿಸುದ್ರೂ ಇಲ್ಲ!’

ಸೀಮೆಸುಣ್ಣ ಕೈಯಲ್ಲೇ ಬೆವೆತಿತು.
ಇಪ್ಪತ್ತಾರು ವರ್ಷ
ಲೆಟ್, ಮೇಕ್ ಎರಡನ್ನೂ ಅಕ್ಕಪಕ್ಕ ಬರೆಸಿದ್ದೇನೆ,
ಎರಡು ಅಂಕಕ್ಕೆ.

ಮೈಸೂರು ಪ್ಯಾಸೆಂಜರು ಕಿಟಕಿಯ ಸರಳು ಅಲುಗಿಸಿ
ಹಾದುಹೋಗುವವರೆಗೂ ಯಾರೂ ಮಾತಾಡಲಿಲ್ಲ.
ಆಮೇಲೆ ಹೇಳಿದೆ:
ಹೆಲ್ಪ್ ಅಂತ ಒಂದಿದೆ ನೋಡಮ್ಮ,
ಅದರ ಜೊತೆ ಟು ಇದ್ದರೂ ಸರಿ,
ಇಲ್ಲದಿದ್ದರೂ ಸರಿ.
‘ಅದು ವಾಸಿ,’ ಎಂದಳು.
ಅಷ್ಟನ್ನೇ ಬರಕೊಂಡು, ಪೆನ್ನು ಜಡೆಗೆ ಸಿಕ್ಕಿಸಿ,
ದಡದಡ ಮೆಟ್ಟಿಲಿಳಿದಳು,
ಕೆರಗೋಡಿನ ಕಡೇ ಬಸ್ಸು
ಹಿಡಿಯಲು.